ಮಡಿಗೆ ಸಿಕ್ಕಿದ ಜಪಾನಿ ನಾಣ್ಯ

ದೇವರ ಕೋಣೆಯಲ್ಲಿ ಚರ್ಮದ ಚೀಲ ಇಡಬಾರದೆಂಬುದು ಮಧ್ವರಾಜನಿಗೆ ಹೊಳೆಯದೇ ಹೋದದ್ದೇ ಎಲ್ಲ ಅನರ್ಥಕ್ಕೂ ಮೂಲ.

ಚೀಲದಲ್ಲಿದ್ದದ್ದು ನಾಣ್ಯಸಂಘದ ಹಿರಿಯ ವಿಷ್ಣುಮೂರ್ತಿಯವರ ಬೆಳ್ಳಿ ನಾಣ್ಯ. ಮಹಾಯುದ್ಧ ಮುಗಿದ ಮೇಲೆ ಜಪಾನಿನವರು ಹೊಸ ನಾಣ್ಯ ಹೇಗಿದ್ದರೆ ಚೆಂದವೆಂದು ಅಚ್ಚು ಹಾಕಿ ನೋಡಿ, ಆಮೇಲೆ ಬೇಡವೆಂದು ಬಿಟ್ಟ ನಮೂನೆ. ತಮ್ಮ ಕೀಲ್ಪಾಕಿನ ಮನೆಯಲ್ಲಿ ಅದನ್ನು ಒಪ್ಪಿಸುತ್ತ ಅವರು, "ನಾಳೆ ಸಭೆಗೆ ನಾನು ಬರೋದು ಲೇಟಾಗುತ್ತೆ ಮಧ್ವಾ, ನೀನೇ ತಂದ್ಬಿಡು. ಬಿಚ್ಚಬೇಡ" ಎಂದಿದ್ದರು. ವರ್ಷಗಟ್ಟಲೆ ಸಂಘದ ಕುರ್ಚಿ ಜೋಡಿಸಿದ್ದ ಮಧ್ವರಾಜನಿಗೆ ನುಂಗಂಬಾಕ್ಕಂ ಸಭೆಯಲ್ಲಿ ಅದರ ಮೇಲೆ ಮೊದಲ ಭಾಷಣ. ಎಡವಟ್ಟಾದರೆ ಮತ್ತೆ ಕುರ್ಚಿಯೇ ಗತಿ.

ಬೆಳಿಗ್ಗೆ ನೋಡಿದರೆ ಚೀಲ ಚಪ್ಪಲಿಯ ಪಕ್ಕ ಬಿದ್ದಿದೆ. ನಾಣ್ಯ ಉಜ್ಜಿದ ಪಾತ್ರೆಗಳ ಬಳಿ ಮದುಮಗಳ ಮೂಗುತಿಯಂತೆ ಹೊಳೆಯುತ್ತಿದೆ.

"ಅಮ್ಮಾ, ಏನ್ ಮಾಡ್ದೆ?"

"ಶುಕ್ರವಾರ ಅಲ್ವೇನೋ? ದೇವರ ಸಾಮಾನೆಲ್ಲ ಹುಣಿಸೆಹಣ್ಣು ಹಾಕಿ ಉಜ್ಜಿದೆ. ಪಳಪಳಾಂತ ಇಲ್ವಾ?" ಎಂದರು ಜಯಲಕ್ಷ್ಮಮ್ಮ.

ಮಧ್ವರಾಜ ನಾಣ್ಯವನ್ನು ಬಾಚಿಕೊಂಡ. ಹಳೆಯ ನಾಣ್ಯಕ್ಕೆ ಕಪ್ಪೇ ಮರ್ಯಾದೆ. ಅದನ್ನು ಉಜ್ಜಿದವನು ಸಂಗ್ರಾಹಕರ ಕಣ್ಣಲ್ಲಿ ಕೊಲೆಗಾರ. ಪಕ್ಕದ ಮನೆಯ ಹರಿಹರನ ಬಳಿ ಓಡಿದ. ಮೈಸೂರಿನ ಹರಿಹರನಿಗೆ ತಿಳಿಯದ ವಿದ್ಯೆಯಿಲ್ಲ. ತಿಳಿಯದಿದ್ದರೂ ಹೇಳದೆ ಬಿಡುವವನಲ್ಲ.

"ಬೇಯ್ಸಿದ ಮೊಟ್ಟೆ ಜೊತೆ ಡಬ್ಬೀಲಿ ಮುಚ್ಚಿಡಿ ಸಾರ್. ಸಂಜೆ ಹೊತ್ಗೆ ಬೆಳ್ಳಿ ಕಪ್ಪಾಗುತ್ತೆ."

"ಮೊಟ್ಟೆನಾ! ಮೆಲ್ಲಗೆ ಹೇಳಿ, ಅಮ್ಮನ ಕಿವಿಗೆ ಬಿದ್ದರೆ ಮುಗೀತು!"

"ನಮ್ಮನೇಲೇ ಇಡೋಣ ಬಿಡಿ. ಒಂದ್ ಸಾಲ್ದು, ಮೂರ್ ಹಾಕೋಣ."

ಆಫೀಸಿಗೆ ರಜೆ ಹಾಕಿ, ಮೂಗು ಮುಚ್ಚಿಕೊಂಡು ಮಧ್ವರಾಜ ಡಬ್ಬಿಗೆ ಕಾವಲು ಕೂತ. ಸಕ್ಕರೆ ಕೇಳಲು ಬಂದ ಮೇಲಿನ ಮನೆಯ ಬೃಂದಾ ಬಾಗಿಲಲ್ಲೇ ನಿಂತಳು. "ಏನ್ ಮಾಮಾ, ನೀವೂ ಮೊಟ್ಟೆನಾ?"

"ಔಷಧಿಗಮ್ಮಾ" ಎಂದ, ಬೆವರುತ್ತ.

ಸಂಜೆಗೆ ನಾಣ್ಯ ಹಳೆಯ ಬಾಣಲೆಯಷ್ಟು ಕಪ್ಪಾಗಿತ್ತು. ಸಭೆಯಲ್ಲಿ ವಿಷ್ಣುಮೂರ್ತಿ ಅದನ್ನು ಕನ್ನಡಕದ ಹತ್ತಿರ ಹಿಡಿದರು.

"ಎನ್ನಪ್ಪಾ ಇದು! ಚಲಾವಣೆಗೇ ಬರದ ನಾಣ್ಯ, ಒಬ್ಬರ ಜೇಬೂ ಕಂಡದ್ದಲ್ಲ. ಅಚ್ಚಿಂದ ಬಿದ್ದ ದಿನದ ಹೊಳಪು ಹಾಗೇ ಕಾಪಾಡಿದ್ದೆ. ಕಪ್ಪಾಗಿದ್ದು ಹೇಗೆ?"

'ಜನರ ಕೈ ಸೋಕದ ನಾಣ್ಯ' ಎಂದು ಭಾಷಣಕ್ಕೆ ತಾನೇ ಬಾಯಿಪಾಠ ಮಾಡಿದ್ದ ಮಧ್ವರಾಜನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದರು. "ನಮ್ಮಮ್ಮ... ಹುಣಿಸೆಹಣ್ಣು..." ಎಂದು ತೊದಲಿ, ತಪ್ಪನ್ನು ಹೆತ್ತವಳ ತಲೆಗೆ ಕಟ್ಟಿದ.

ಮನೆಗೆ ಬಂದು ರೇಗಿದ. "ನೀನು ಅದನ್ನ ಉಜ್ಜದೆ ಇದ್ದಿದ್ದರೆ..."

"ಅದನ್ನ ಎಲ್ಲಿ ಉಜ್ಜಿದೆನೋ? ಮಡೀಲಿದ್ದೋಳು ಚರ್ಮದ ಚೀಲದಲ್ಲಿದ್ದದ್ದನ್ನ ಮುಟ್ತೀನಾ? ಚೀಲಾನ ಇಕ್ಕಳದಲ್ಲಿ ಎತ್ತಿ ಆಚೆ ಹಾಕುವಾಗ ನಾಣ್ಯ ಬಿತ್ತು, ಅದನ್ನೂ ಇಕ್ಕಳದಲ್ಲೇ ಪಕ್ಕಕ್ಕಿಟ್ಟೆ. ಬಿದ್ದಾಗಲೇ ಅದು ಹಾಗೇ ಹೊಳೀತಿತ್ತು."

ಮಧ್ವರಾಜ ಅಮ್ಮನತ್ತ ಒಂದು ಹೆಜ್ಜೆ ಇಟ್ಟ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಹತ್ತಿರ ಬರಬೇಡ. ಬೃಂದಾ ಎಲ್ಲ ಹೇಳಿದಳು. ಮೂರು ಮೊಟ್ಟೆಯಂತೆ!"