ಕಾಲಿಗೆಂದು ತಂದ ಉಪ್ಪು

(ಅಡುಗೆಮನೆ. ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡು ದರ್ಜಿ ತಟ್ಟೆಯನ್ನು ದೂರ ತಳ್ಳಿದ್ದಾನೆ. ಎದುರಿಗೆ ಹೆಂಡತಿ ಆರಾಮಾಗಿ ಊಟ ಮಾಡುತ್ತಿದ್ದಾಳೆ.)

ದರ್ಜಿ: ಕಹಿ ಅಂದ್ರೆ ಕಹಿ ಕಣೇ! ಆಲೂಗಡ್ಡೆ ಕೆಟ್ಟಿದೆ.

ಹೆಂಡತಿ: ಒಂದೇ ಪಾತ್ರೇಲಿ ಬೆಂದಿದ್ದು. ನನ್ನದು ಚೆನ್ನಾಗೇ ಇದೆಯಲ್ಲ.

ದರ್ಜಿ: ಹಾಗಾದ್ರೆ ನನ್ನ ನಾಲಿಗೆ ಕೆಟ್ಟಿದೆ. ಬಿಪಿ ಬಿಪಿ ಅಂತ ಉಪ್ಪು ಬಚ್ಚಿಟ್ಟೆಯಲ್ಲ, ಅದರ ಫಲ!

ಹೆಂಡತಿ (ಅವನ ತಟ್ಟೆಗೆ ಬಗ್ಗಿ): ಮತ್ತೆ ನಿಮ್ಮ ಆಲೂಗಡ್ಡೆ ಮೇಲೆ ಈ ಹರಳು ಎಲ್ಲಿಂದ ಬಂತು?

ದರ್ಜಿ: ಅದು... ಆಲೂಗಡ್ಡೆ ಬೆವರು ಒಣಗಿರಬೇಕು.

ಹೆಂಡತಿ: ರೀ!

ದರ್ಜಿ: ಸರಿ ಸರಿ. ಬಚ್ಚಲುಮನೇಲಿ ಜಾಮ್ ಬಾಟಲಿ ತುಂಬ ಉಪ್ಪು ಸಿಕ್ತು. ಎಂಥಾ ಜಾಗ ಹುಡುಕಿದ್ದಾಳಪ್ಪಾ ಅಂತ ಮೆಚ್ಕೊಂಡೇ ಹಾಕ್ಕೊಂಡೆ.

ಹೆಂಡತಿ: ಅಯ್ಯೋ, ಅದು ಎಪ್ಸಮ್ ಉಪ್ಪು! ಬಿಸಿನೀರಿಗೆ ಹಾಕಿ ಕಾಲು ಅದ್ದೋಕೆ ತಂದಿದ್ದು!

ದರ್ಜಿ: ಉಪ್ಪೇ ತಾನೇ?

ಹೆಂಡತಿ: ಉಪ್ಪು ಅಂತ ಹೆಸರಿದ್ರೆ ಎಲ್ಲಾ ಊಟಕ್ಕಾ? ಕತ್ತರಿ ಅಂತ ಬಟ್ಟೆ ಕತ್ತರೀಲಿ ಉಗುರು ತೆಗೀತೀರಾ?

ದರ್ಜಿ: ತೆಗೆದಿದ್ದೀನಿ.

(ಹೆಂಡತಿ ಮಗಳಿಗೆ ಫೋನ್ ಮಾಡಿ ಸ್ಪೀಕರ್ ಹಾಕುತ್ತಾಳೆ. ಮಗಳು ನರ್ಸು.)

ಮಗಳು: ಅಪ್ಪಾ, ಎಷ್ಟು ಹಾಕ್ಕೊಂಡ್ರಿ?

ದರ್ಜಿ: ಒಂದು ಚಿಟಿಕೆ.

ಹೆಂಡತಿ: ಯಾರ ಚಿಟಿಕೆ, ಆನೇದಾ?

ದರ್ಜಿ: ಒಂದು ಚಮಚ ಇರಬಹುದು. ಅರ್ಧ ಹೊಟ್ಟೆಗೆ ಹೋಯ್ತು. (ಸಣ್ಣ ದನಿಯಲ್ಲಿ) ಉಳೀತೀನೇನಮ್ಮಾ?

ಮಗಳು: ಉಳೀತೀರಿ. ನಿಮ್ಮ ಕಿಡ್ನಿ ಚೆನ್ನಾಗಿದೆ, ಅದೇ ಪುಣ್ಯ. ಇನ್ನು ತಿನ್ನಬೇಡಿ, ನೀರು ಕುಡೀರಿ. ತಲೆ ಸುತ್ತಿದ್ರೆ, ಕೈಕಾಲು ಸೋತ ಹಾಗಾದ್ರೆ ತಕ್ಷಣ ಆಸ್ಪತ್ರೆಗೆ ಬನ್ನಿ. ಮತ್ತೆ, ಅದು ಹೊಟ್ಟೆ ಸಡಿಲ ಮಾಡುತ್ತೆ. ಮನೆ ಬಿಟ್ಟು ಎಲ್ಲೂ ಹೋಗಬೇಡಿ.

ಹೆಂಡತಿ: ಇನ್ನೂ ಸ್ವಲ್ಪ ಬೈಯಿ ನಿಮ್ಮಪ್ಪಂಗೆ!

ಮಗಳು: ಅಮ್ಮಾ, ಪೊಟ್ಟಣದ ಮೇಲೆ ಹೆಸರು ಇರುತ್ತಲ್ಲ. ಜಾಮ್ ಬಾಟಲಿಗೆ ಸುರಿದವರು ಯಾರು?

(ಹೆಂಡತಿ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗುತ್ತಾಳೆ.)

ದರ್ಜಿ (ಎದೆ ಉಬ್ಬಿಸಿ): ಹೇಳೇ, ಮಗಳು ಕೇಳ್ತಿದ್ದಾಳೆ.

ಹೆಂಡತಿ: ಪೊಟ್ಟಣ ಒದ್ದೆ ಆಗುತ್ತೆ ಅಂತ...

ಮಗಳು: ಈಗಲೇ ಚೀಟಿ ಅಂಟಿಸಿ. ‘ತಿನ್ನಬಾರದು’ ಅಂತ ದೊಡ್ಡದಾಗಿ ಬರೀರಿ.

(ಫೋನ್ ಇಟ್ಟಾಯಿತು. ಹೆಂಡತಿ ಗಂಡನ ಕೈಗೆ ನೀರಿನ ಲೋಟ ಕೊಟ್ಟು, ಹಣೆ ಮುಟ್ಟಿ ನೋಡುತ್ತಾಳೆ.)

ಹೆಂಡತಿ: ಜೀವ ಬಾಯಿಗೆ ತಂದುಬಿಟ್ರಲ್ಲ ರೀ.

ದರ್ಜಿ: ಅಷ್ಟು ಪ್ರೀತಿ ಇದ್ರೆ ಒಂದು ಹರಳು ಒಳ್ಳೇ ಉಪ್ಪು ಕೊಡು.

ಹೆಂಡತಿ (ಕಾಗದ, ಗೋಂದು ತಂದು): ಬಾಟಲಿಗೆ ಒಂದು ಚೀಟಿ, ನಿಮಗೊಂದು. ‘ಉಪ್ಪಿನಿಂದ ದೂರವಿಡಿ’ ಅಂತ.

ದರ್ಜಿ (ಹೊಟ್ಟೆ ಹಿಡಿದುಕೊಂಡು ಧಡಕ್ಕನೆ ಎದ್ದು ಓಡುತ್ತಾ): ಬೆನ್ನಿಗೆ ಅಂಟಿಸು ಪುಣ್ಯಾತ್ಗಿತ್ತಿ! ತಿರುಗಿ ನಿಲ್ಲೋಕೆ ಪುರುಸೊತ್ತಿಲ್ಲ!