ಬಾಲದ ಚುಕ್ಕಿ, ಹೊಟ್ಟೆಕಿಚ್ಚು

ನ್ಯಾಮತಿಯಲ್ಲಿ ನಂದೊಂದು ಫೋಟೊ ಸ್ಟುಡಿಯೊ. ಇಪ್ಪತ್ತು ವರ್ಷದಿಂದ ಮದುವೆ ಫೋಟೊ ತೆಗೀತಿದೀನಿ. ಆದರೂ ಹೊನ್ನಾಳಿ ಸ್ಟುಡಿಯೊದವನು ಏನಾದರೂ ಮಾಡಿದ ಅಂದರೆ ನನಗೊಂದು ಫಜೀತಿ ಗ್ಯಾರಂಟಿ. ಮೊನ್ನೆ ಬೆಳಗಿನ ಜಾವ ಧೂಮಕೇತು ಕಾಣುತ್ತೆ ಅಂತ ಸುದ್ದಿ ಬಂತು. ಮಾರನೇ ದಿನವೇ ಅವನ ಸ್ಟೇಟಸ್‌ನಲ್ಲಿ ಅದರ ಫೋಟೊ, ಇಷ್ಟುದ್ದ ಬಾಲ! ನನ್ನ ಗಿರಾಕಿಗಳೇ ಅದನ್ನ ನನಗೆ ತೋರಿಸಿ, "ಹೆಂಗ್ ತೆಗೆದಾನೆ ನೋಡ್ರಿ!" ಅಂದರು. ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ? ಅವನಿಗಿಂತ ಚೆಂದದ ಫೋಟೊ ತೆಗೀಲೇಬೇಕು ಅಂತ ಹಟ ಹಿಡಿದೆ.

ಮೇಷ್ಟ್ರ ಪೋಸು

ಐದು ಗಂಟೆಗೆ ಮಾಳಿಗೆ ಹತ್ತಿದೆ. ಕ್ಯಾಮೆರಾ ಎತ್ತಿ ಒತ್ತಿದರೆ ಫಳ್ ಅಂತ ಫ್ಲ್ಯಾಶ್! ಮದುವೆಮನೆ ಅಭ್ಯಾಸ, ಆರಿಸೋದೇ ಮರೆತಿದ್ದೆ. ಫೋಟೊದಲ್ಲಿ ಆಕಾಶ ಕಪ್ಪು. ಕೆಳಗೆ ಎದುರುಮನೆ ಮೇಷ್ಟ್ರು ಬನೀನಿನಲ್ಲಿ ಹಲ್ಲುಜ್ಜುತ್ತ ಸ್ಪಷ್ಟವಾಗಿ ಬಂದಿದ್ದರು. ಅಲ್ಲಿಂದಲೇ ಕೂಗಿದರು: "ತಡೀರಿ, ಅಂಗಿ ಹಾಕ್ಕೊಂಡು ಬರ್ತೀನಿ!"

ಕುರಿ ಅಜ್ಜ

ಕತ್ತಲು ಬೇಕು ಅಂತ ಬಸ್ ಹತ್ತಿ ಜಗಳೂರಿಗೆ ಹೋದೆ. ಷಡ್ಡಕನ ಮನೇಲಿ ಮಲಗಿ, ನಸುಕಿನಲ್ಲೇ ಎದ್ದು ಬಯಲಿಗೆ ನಡೆದೆ. ಕುರಿಹಟ್ಟಿ ಹತ್ತಿರ ಅಜ್ಜ ಒಬ್ಬ ಕಂಬಳಿ ಹೊದ್ದು ಕೂತಿದ್ದ.

"ಏನ್ ಹುಡುಕ್ತೀರಿ?"

"ಬಾಲ ಇರೋ ಚುಕ್ಕಿ."

"ಅದಾ? ಎಂಟು ದಿನದಿಂದ ಐತಲ್ರೀ. ಈಗ ತಾನೇ ಮೋಡ ಮುಚ್ತು. ನೋಡಾಕೆ ಇಷ್ಟು ದೂರ ಬಂದ್ರಾ?"

ನನಗೆ ಆ ಅಜ್ಜನ ಮೇಲೂ ಹೊಟ್ಟೆಕಿಚ್ಚಾಯಿತು.

ಅರುಂಧತಿ

ಚನ್ನಗಿರಿಯಲ್ಲಿ ಒಂದು ಮದುವೆ. ಹೆಣ್ಣಿನ ಕಡೆಗೆ ನಾನು, ಗಂಡಿನ ಕಡೆಗೆ ಹೊನ್ನಾಳಿಯವನು. ಸೂರ್ಯ ಹುಟ್ಟೋಕೆ ಮುಂಚೆ ಮಂಟಪದ ಮಾಳಿಗೆಗೆ ಹೋದರೆ ಅವನೂ ಅಲ್ಲೇ!

"ಅಗೋ, ತೆಂಗಿನ ಮರದ ಪಕ್ಕ. ಕಾಣ್ತಾ ಸಾರ್?" ಅಂದ.

ನನಗೆ ತೆಂಗಿನ ಮರ ಬಿಟ್ಟು ಏನೂ ಕಾಣಲಿಲ್ಲ. ಅವನ ಮುಂದೆ ಹಂಗನ್ನೋಕೆ ಆಗುತ್ತಾ? "ಕಾಣ್ತು, ಕಾಣ್ತು! ಬಾಲಾನೂ ಐತೆ!" ಅಂತ ಇಪ್ಪತ್ತು ಫೋಟೊ ಹೊಡೆದೆ. ಅವನು ಮೂವತ್ತು ಹೊಡೆದ.

ಧಾರೆ ಮುಗಿದ ಮೇಲೆ ಪುರೋಹಿತರು ಮದುಮಕ್ಕಳನ್ನ ಸುಡುಬಿಸಿಲಿಗೆ ಕರೆತಂದು ಬೆರಳು ತೋರಿಸಿದರು. "ಅರುಂಧತಿ ನಕ್ಷತ್ರ ಕಾಣಿಸ್ತಾ?"

"ಕಾಣ್ತು," ಅಂದರು ಇಬ್ಬರೂ.

ಹೊನ್ನಾಳಿಯವನು ಮೆಲ್ಲಗೆ ನನ್ನ ಪಕ್ಕ ಬಂದ. "ಸಾರ್, ಬೆಳಿಗ್ಗೆ ನಿಮಗೆ ನಿಜವಾಗ್ಲೂ ಕಾಣ್ತಾ?"

"ಮೊದ್ಲು ತೋರ್ಸಿದ್ದೇ ನೀನಲ್ಲವೇನೋ!"

"ನೀವು ಮೊದ್ಲು ನೋಡಿಬಿಟ್ರೆ ಅಂತ ಭಯಕ್ಕೆ ಸುಮ್ನೆ ಅಂದೆ ಸಾರ್."

"ಹಂಗಾದ್ರೆ ಆ ಸ್ಟೇಟಸ್ ಫೋಟೊ?"

"ಫಾರ್ವರ್ಡ್ ಬಂದಿದ್ದು. ಮೂರು ಸಲ ಜಗಳೂರಿಗೆ ಹೋದೆ, ಒಂದ್ಸಲಾನೂ ಸಿಗ್ಲಿಲ್ಲ. ಅಲ್ಲೊಬ್ಬ ಕುರಿ ಅಜ್ಜ ಅವ್ನೆ ಸಾರ್, ದಿನಾ ನೋಡ್ತಾನಂತೆ!"

ಅವತ್ತು ಊಟದ ಪಂಕ್ತೀಲಿ ಮೊದಲ ಸಲ ಇಬ್ಬರೂ ಅಕ್ಕಪಕ್ಕ ಕೂತೆವು. ಹೋಳಿಗೆ ಮುಗಿಯೋವರೆಗೂ ಒಂದೇ ಮನಸ್ಸಿನಿಂದ ಆ ಅಜ್ಜನ್ನ ಬೈದೆವು.