ನರಸೀಪುರದ ಇಟಲಿ ಸೊಸೆ

ನಮ್ಮ ಮಾವನಷ್ಟು ನಡೆದಿರುವವರು ಇಡೀ ತಿ. ನರಸೀಪುರದಲ್ಲಿ ಇನ್ನೊಬ್ಬರಿಲ್ಲ. ಯಾಕೆಂದರೆ ಅವರ ಹತ್ತಿರ ಒಂದು ಬೈಕಿದೆ!

ಅಂತಿಂಥ ಬೈಕಲ್ಲ, ಇಟಲಿಯದು. ಕೆಂಪು ಬಣ್ಣ, ಎಮ್ಮೆಯಷ್ಟು ಭಾರ, ಎರಡೂ ಪಕ್ಕದಲ್ಲಿ ಪೆಟ್ಟಿಗೆ. ದೇಶದಿಂದ ದೇಶಕ್ಕೆ ಒಂದೇ ಓಟದಲ್ಲಿ ಹೋಗಲೆಂದು ಮಾಡಿದ ಗಾಡಿಯಂತೆ. ನಮ್ಮ ಮಾವನ ಕೈಗೆ ಬಂದ ಮೇಲೆ ಅದು ಬಸ್‌ಸ್ಟ್ಯಾಂಡಿನಿಂದ ಸಂತೆಮಾಳಕ್ಕೆ ಒಂದೇ ಓಟದಲ್ಲಿ ಹೋದರೆ ಅವತ್ತು ಅವರ ಮನೆಯಲ್ಲಿ ಪಾಯಸ. ಮಾವ ಎಂದರೆ ನನ್ನ ತಾಯಿಯ ತಮ್ಮ. ಊರಿನಲ್ಲಿ ಅವರದೊಂದು ಹಿಟ್ಟಿನ ಮಿಲ್ಲಿದೆ. ರಾಗಿ ಬೀಸುವುದು ವೃತ್ತಿ, ಬೈಕು ತಳ್ಳುವುದು ಪ್ರವೃತ್ತಿ.

ಕೊಡಗಿನ ಕಡೆಯ ಯಾರೋ ಎಸ್ಟೇಟಿನವರು ಅದನ್ನು ವಿದೇಶದಿಂದ ತರಿಸಿ, ಮುಟ್ಟುವ ಮೆಕ್ಯಾನಿಕ್ ಸಿಗದೆ ಬೇಸತ್ತು ಮಾರಿದ್ದರು. ಅದು ಟೆಂಪೋದಲ್ಲಿ ಟಾರ್ಪಾಲು ಹೊದ್ದುಕೊಂಡು ಮನೆ ಮುಂದೆ ಬಂದಿಳಿದಾಗ, ಮಿಲ್ಲಿಗೆ ಹೊಸ ಮಿಷನ್ ಬಂತೆಂದುಕೊಂಡು ನಮ್ಮ ಅತ್ತೆ ಸಂಭ್ರಮದಿಂದ ಆರತಿ ಎತ್ತಿದರು. ಆಮೇಲೆ ಟಾರ್ಪಾಲು ತೆಗೆದರು. ಅತ್ತೆ ಆರತಿ ತಟ್ಟೆ ಹಿಡಿದು ಒಳಗೆ ಹೋದವರು ಸಂಜೆಯವರೆಗೂ ಬಾಯಿ ಬಿಡಲಿಲ್ಲ. ಮಾವ ಮಾತ್ರ ಹಲ್ಲು ಕಿಸಿದುಕೊಂಡು, “ಆರ್ತಿ ಎತ್ತಿ ಮನೆ ತುಂಬಿಸ್ಕಂಡ್ ಮ್ಯಾಲೆ ಇನ್ನೇನು? ಇವ್ಳು ನಮ್ಮನೆ ಸೊಸೆ ಕಣೆ!” ಎಂದರು. ಅವತ್ತಿನಿಂದ ಅದು ಸೊಸೆ.

ಅತ್ತೆ ಮಾತು ಬಿಟ್ಟದ್ದಕ್ಕೆ ಕಾರಣವಿತ್ತು. ನಮ್ಮ ಕಡೆ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಹುರುಳಿ ಗಿಡವನ್ನು ರಸ್ತೆಗೆ ಹರವಿಬಿಟ್ಟರೆ ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಟ್ಟು ಹೋಗುತ್ತವೆ. ಕೆಲವು ವರ್ಷಗಳ ಹಿಂದೆ ಮಾವ ತಮ್ಮ ಹಳೆಯ ಬೈಕಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಅವರ ತವರಾದ ನಂಜನಗೂಡಿಗೆ ಹೊರಟಿದ್ದರು. ದಾರಿಯಲ್ಲಿ ಹದಿನಾರು ಎಂಬ ಊರಿನ ಹತ್ತಿರ ಹುರುಳಿಯ ಮೇಲೆ ಗಾಡಿ ಜಾರಿತು. ಮಾವನಿಗೆ ಒಂದಿಷ್ಟು ತರಚು ಗಾಯ, ಅಷ್ಟೆ. ಅತ್ತೆಯ ಬಲ ಮೊಣಕೈ ಮುರಿಯಿತು. ಮೂಳೆ ಕೂಡಿಕೊಂಡರೂ ಆ ಕೈ ಇವತ್ತಿಗೂ ಪೂರ್ತಿ ಚಾಚುವುದಿಲ್ಲ. ಅಂದಿನಿಂದ ಅತ್ತೆ ಮಾವನ ಹಿಂದೆ ಗಾಡಿಯಲ್ಲಿ ಕೂತಿಲ್ಲ. ತವರಿಗೆ ಬಸ್ಸಿನಲ್ಲಿ ಹೋಗುತ್ತಾರೆ. ಮಾವ ಬ್ಯಾಗು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದು, ಕಿಟಕಿ ಪಕ್ಕ ಸೀಟು ಹಿಡಿದುಕೊಟ್ಟು, ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿರುತ್ತಾರೆ.

ಈ ದೈತ್ಯ ಗಾಡಿ ತಂದದ್ದೂ ಅದಕ್ಕೇ. “ಟೈರ್ ನೋಡು ಕೂಸೆ, ಎಷ್ಟ್ ಅಗಲ! ಇದು ಜಾರೋ ಗಾಡಿ ಅಲ್ಲ. ನಿಮ್ಮತ್ತೆ ಒಂದ್ಸಲ, ಒಂದೇ ಒಂದ್ಸಲ ಕೂತ್ಕಂಬುಟ್ರೆ ಸಾಕು” ಎಂದು ನನ್ನ ಹತ್ತಿರ ಹೇಳುತ್ತಿದ್ದರು. ಅತ್ತೆಯ ಉತ್ತರವೂ ಸಿದ್ಧವಿತ್ತು. “ನಂಜನಗೂಡ್ಗೋಗಿ, ಎಲ್ಲೂ ನಿಲ್ದಂಗೆ ವಾಪಸ್ ಬರ್ಲಿ ನಿಮ್ ಸೊಸೆ. ಆಗ ಕೂತ್ಕತೀನಿ.” ಎಷ್ಟು ಧೈರ್ಯದ ಮಾತು ನೋಡಿ! ಸೊಸೆ ಊರ ಹೊರಗಿನ ಸೇತುವೆ ದಾಟುವುದೇ ಅಪರೂಪ ಎಂದು ಗೊತ್ತಿದ್ದವರು ಮಾತ್ರ ಇಂಥ ಮಾತು ಕೊಡಬಲ್ಲರು.

ಸೊಸೆ ಕೆಟ್ಟು ನಿಂತಿದೆ ಎಂದು ಮಾವ ಯಾವತ್ತೂ ಒಪ್ಪಿದವರಲ್ಲ. “ಯೋಚ್ನೆ ಮಾಡ್ತಾ ಅವ್ಳೆ” ಎನ್ನುತ್ತಿದ್ದರು. ಅವಳು ಯೋಚನೆ ಮುಗಿಸುವವರೆಗೆ ಅತ್ತೆಯ ಲಟ್ಟಣಿಗೆಯ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದು ತುದಿಯನ್ನು ತಮ್ಮ ಕಿವಿಗೂ ಒತ್ತಿ ಹಿಡಿದು, ಡಾಕ್ಟರ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದರು. ರಾಗಿ ಬೀಸಿಸಲು ಬಂದವರಿಗೂ ಕೇಳಿಸುತ್ತಿದ್ದರು. ಮಾವನ ಮನೆಯ ಚಪಾತಿಗೆ ಎಂಜಿನ್ ಆಯಿಲಿನ ವಾಸನೆ ಯಾಕೆ ಎಂದು ನೀವು ಕೇಳಬೇಕಾಗಿಲ್ಲ.

ಓಡುವಾಗಲಾದರೂ ಸುಮ್ಮನಿರುತ್ತದೆಯೇ? ಅದರ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುವುದಿಲ್ಲವಂತೆ, ಒಣ ಕ್ಲಚ್ಚು. ಡಬ್ಬಿಯಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ ಲೊಟಲೊಟ ಸದ್ದು. ದಾರಿಯುದ್ದಕ್ಕೂ ಪರೋಪಕಾರಿಗಳು ಕೂಗಿ ಹೇಳುವವರೇ. ಒಂದು ದಿನ ಟೀ ಅಂಗಡಿಯವನು ಓಡಿಬಂದು ಅಡ್ಡ ನಿಂತ.

“ಸಾ, ಏನೋ ಸಡ್ಲ ಆಗದೆ ಸಾ, ಲೊಟಗುಟ್ತಾ ಅದೆ!”

“ಅದು ಅಂಗೇ ಲೊಟಗುಟ್ಬೇಕು ಕಣ್ಲಾ. ಸದ್ದು ನಿಂತ್ರೇನೇ ಕಾಯ್ಲೆ ಅಂತ ಲೆಕ್ಕ.”

ಅವನು ಒಂದು ಕ್ಷಣ ಯೋಚಿಸಿ ತಲೆದೂಗಿದ. “ನಮ್ಮವ್ವನೂ ಅಂಗೇಯ ಸಾ. ಸುಮ್ಗಾದ್ಲು ಅಂದ್ರೆ ಆಸ್ಪತ್ರೆಗೆ ಕರ್ಕಂಡೋಯ್ತೀವಿ!”

ಇನ್ನು ಸೊಸೆಯ ಸ್ಟ್ಯಾಂಡಿನ ವಿಷಯ. ಗಾಡಿಯ ಭಾರ ತನ್ನ ಮೇಲಿಂದ ಕೂದಲೆಳೆಯಷ್ಟು ಎದ್ದರೂ ಸಾಕು, ಆ ಸ್ಟ್ಯಾಂಡು ಟಪ್ಪೆಂದು ತಾನೇ ಮಡಚಿಕೊಳ್ಳುತ್ತದೆ. ಸವಾರ ಮರೆತು ಸ್ಟ್ಯಾಂಡ್ ಬಿಟ್ಟುಕೊಂಡೇ ಹೋಗಬಾರದೆಂದು ಇಟಲಿಯವರು ಮಾಡಿದ ಏರ್ಪಾಡು. ಅವರಿಗೇನು ಗೊತ್ತು ನಮ್ಮ ಆಯುಧಪೂಜೆ! ಸೊಸೆಗೆ ಸೇವಂತಿಗೆ ಹಾರ, ಬಾಳೆಕಂದು, ದೀಪಕ್ಕೆ ಕುಂಕುಮ, ಚಕ್ರದ ಮುಂದೆ ನಿಂಬೆಹಣ್ಣು. ಪಕ್ಕದಲ್ಲಿ ಒಡೆಯಲು ಸಿದ್ಧವಾದ ದೊಡ್ಡ ಬೂದುಗುಂಬಳಕಾಯಿ. “ಸ್ಟಾರ್ಟ್ ಮಾಡೋದ್ ಬ್ಯಾಡ, ಸುಮ್ಕೆ ಮುಂದಕ್ ತಳ್ಳಿ, ಸಾಕು” ಎಂದರು ಪೂಜೆಯವರು. ಅವರಿಗೂ ಸೊಸೆಯ ಗುಣ ಗೊತ್ತು. ಮಾವ ತಳ್ಳಿದರು. ನಿಂಬೆಹಣ್ಣು ಪಚಕ್ಕೆಂದಿತು, ಸೊಸೆ ಒಂಚೂರು ಎದ್ದಳು, ಸ್ಟ್ಯಾಂಡು ಮಡಚಿಕೊಂಡಿತು. ಅದೇ ಹೊತ್ತಿಗೆ ಮಂಗಳಾರತಿ ಬಂತು. ಭಕ್ತಿ ಉಕ್ಕಿದ ನಮ್ಮ ಮಾವ ಎರಡೂ ಕೈ ಬಿಟ್ಟು ಕೈಮುಗಿದರು!

ಸೊಸೆ ಹಾರ ಸಮೇತ ಕುಂಬಳಕಾಯಿಯ ಮೇಲೆ ಒರಗಿದಳು. ಕಾಯಿ ನಾಲ್ಕು ದಿಕ್ಕಿಗೂ ಹಾರಿತು. ಅತ್ತೆ ತಣ್ಣಗೆ, “ದೃಷ್ಟಿ ತೆಗ್ಯೋ ಕೆಲ್ಸನೂ ಅವ್ಳೇ ಮಾಡ್ಕಂಡ್ಲು, ಪಾಪ” ಎಂದರು.

ಅವಳು ದಾರಿಯಲ್ಲಿ ಯೋಚನೆಗೆ ಬೀಳುವುದು ಮಾತ್ರ ತಪ್ಪಲಿಲ್ಲ. ಮನೆಯಿಂದ ಚೆನ್ನಾಗಿಯೇ ಹೊರಡುವಳು, ಒಂದಷ್ಟು ದೂರ ಹೋದ ಮೇಲೆ ದೀಪ ಮಂಕಾಗಿ ನಿಂತುಬಿಡುವಳು. ನಾನು ನಂಜನಗೂಡಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಗ್ರಾಹಕರ ದೂರು ಕೇಳಿ ಕೇಳಿ ಅಭ್ಯಾಸವಾಗಿರುವುದರಿಂದ ಮಾವನ ಗೋಳನ್ನೂ ಮನಸ್ಸಿಗೆ ಹಚ್ಚಿಕೊಂಡು, ಫೋನಿನಲ್ಲಿ ಅದೇ ಗಾಡಿಯವರ ಒಂದು ಗುಂಪು ಹುಡುಕಿದೆ. ಅಲ್ಲಿ ಇಟಲಿಯ ಮುದುಕರೊಬ್ಬರು ಸಿಕ್ಕರು. ಬಿಳಿ ಮೀಸೆ, ಹಿಂದೆ ಗೋಡೆ ತುಂಬ ಪಾನಾಗಳು. ಇಂಗ್ಲಿಷ್ ನಮ್ಮ ಮಾವನಷ್ಟೇ ಬರುತ್ತಿತ್ತು, ಅಂದರೆ ಬರುತ್ತಿರಲಿಲ್ಲ. ಸೊಸೆಯ ತವರಿನವರಾದ್ದರಿಂದ ಮಾವ ಅವರನ್ನು ‘ಬೀಗರು’ ಎಂದೇ ಕರೆದರು. ವಿಡಿಯೋ ಕಾಲ್ ಶುರುವಾದೊಡನೆ “ಊಟ ಆಯ್ತಾ ಬೀಗ್ರೇ?” ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದರು. ಭಾಷೆ ಬಾರದವರ ಹತ್ತಿರ ಜೋರಾಗಿ ಮಾತಾಡಿದರೆ ಅರ್ಥವಾಗುತ್ತದೆ ಎಂದು ನಂಬಿದವರಲ್ಲಿ ನಮ್ಮ ಮಾವನೂ ಒಬ್ಬರು.

ಮಾವ ಕನ್ನಡದಲ್ಲಿ ಕಾಯಿಲೆ ವರ್ಣಿಸಿದರು. ಬೀಗರು ಗಂಭೀರವಾಗಿ ಕೇಳಿ, “ಸೀ, ಸೀ” ಎಂದರು.

“ಕೇಳಿಸ್ತಾ ಕೂಸೆ? ಸೀದೋಗದೆ ಅಂತಾವ್ರೆ!”

“ಮಾವ, ಅವ್ರ ಭಾಷೇಲಿ ಸೀ ಅಂದ್ರೆ ಹೌದು ಅಂತ.”

“ಅದೇಯ. ಸೀದೋಗದಾ ಅಂದ್ರೆ ಹೌದು ಅಂತಾವ್ರೆ!”

ನಾನು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಮಾವ ಸೀಟು ಬಿಚ್ಚಿ, ಮೂಗು ತೂರಿಸಿ ಒಂದೊಂದೇ ವೈರನ್ನು ಮೂಸತೊಡಗಿದ್ದರು. ಬ್ಯಾಟರಿಗೆ ಕರೆಂಟು ಕಳಿಸುವ ಡಬ್ಬಿಯ ಹತ್ತಿರ ಬಂದಾಗ ಅವರ ಮುಖ ಅರಳಿತು. ಏನು ಹೇಳಲಿ! ವೈರು ಕೂಡುವ ಜಾಗ ನಿಜಕ್ಕೂ ಸೀದು ಕರಕಲಾಗಿತ್ತು. ಅಷ್ಟು ದಿನವೂ ಓಡುತ್ತ ಓಡುತ್ತ ಬ್ಯಾಟರಿ ಬರಿದಾಗುತ್ತಿತ್ತು, ತುಂಬುತ್ತಿರಲಿಲ್ಲ. ಮಾವ ಆ ಕಪ್ಪು ತುಂಡನ್ನು ಫೋನಿಗೆ ಹಿಡಿದು “ಸೀ!” ಎಂದರು. ಬೀಗರು ಎರಡೂ ಕೈ ಮೇಲೆತ್ತಿ “ಸೀ! ಸೀ!” ಎಂದು ಕುಣಿದರು. ಅಷ್ಟು ಸಲೀಸಾಗಿ ಮಾತಾಡಿಕೊಂಡ ಬೀಗರನ್ನು ನಾನು ನಮ್ಮ ನೆಂಟರಲ್ಲಂತೂ ಕಂಡಿಲ್ಲ.

ಡಬ್ಬಿಯೂ ವೈರೂ ಹೊಸದಾದವು. ಮುಂದಿನ ಭಾನುವಾರ ಬೆಳಿಗ್ಗೆ ಪರೀಕ್ಷೆಯ ಓಟ. ಮಾವ ಮುಂದೆ, ಸಾಕ್ಷಿಯಾಗಿ ಸ್ಕೂಟಿಯಲ್ಲಿ ನಾನು ಹಿಂದೆ. ಅತ್ತೆ ಗೇಟಿನ ಹತ್ತಿರ ನಿಂತು, “ಎಲ್ಲೂ ನಿಲ್ಬಾರ್ದು, ಗ್ಯಾಪ್ಕ ಇರ್ಲಿ” ಎಂದರು. ಮುಖ ಬಿಗಿಯಾಗಿತ್ತು. ಗೆಲ್ಲುತ್ತಾರೆಂದೋ ಸೋಲುತ್ತಾರೆಂದೋ, ಅವರಿಗೆ ಯಾವ ಭಯ ಹೆಚ್ಚಿತ್ತೋ ನನಗೆ ಆಗ ತಿಳಿಯಲಿಲ್ಲ.

ಹದಿನಾರಿನ ಹತ್ತಿರ ಹುರುಳಿ ಹರವಿದ್ದರು. ಮಾವ ಎರಡೂ ಕಾಲು ಇಳಿಬಿಟ್ಟು, ನೆಲ ಸವರಿಕೊಂಡು, ಹೊಸ ಸೊಸೆ ಹೊಸಿಲು ದಾಟುವ ಹಾಗೆ ದಾಟಿಸಿದರು. ಹುರುಳಿಯ ಯಜಮಾನಿಗೆ ಸಿಟ್ಟು ಬಂತು. “ಇಂಗ್ ಸವರ್ಕಂಡೋದ್ರೆ ಕಾಳ್ ಉದುರ್ತದಾ? ಜೋರಾಗ್ ತುಳಿಸ್ಕಂಡ್ ಓಗ್ರಪ್ಪಾ!”

ನಂಜನಗೂಡು ಬಂತು. ಕಪಿಲೆಯ ಸೇತುವೆ ಕಂಡಿತು. ಸರ್ಕಲ್ಲಿನಲ್ಲಿ ಒಂದು ಸುತ್ತು ಹಾಕಿ ಮಾವ ತಿರುಗಿಸಿಯೇಬಿಟ್ಟರು! ವಾಪಸ್ ಬರುವಾಗ ಅವರು ಹೆಲ್ಮೆಟ್ಟಿನೊಳಗೆ ಹಾಡಿಕೊಳ್ಳುತ್ತಿದ್ದದ್ದು ಒಣ ಕ್ಲಚ್ಚಿನ ಸದ್ದಿನಲ್ಲೂ ನನಗೆ ಕೇಳುತ್ತಿತ್ತು. ನರಸೀಪುರ ಹತ್ತಿರವಾದಾಗ ಮಾವ ಮತ್ತೆ ಮತ್ತೆ ಕೆಳಗೆ ನೋಡಿಕೊಳ್ಳತೊಡಗಿದರು. ಪಕ್ಕಕ್ಕೆ ಹೋಗಿ ಇಣುಕಿದೆ. ಪೆಟ್ರೋಲಿನ ದೀಪ ಹತ್ತಿಕೊಂಡಿತ್ತು. ಇಡೀ ವಾರ ವೈರು ವೈರು ಮೂಸಿದ ಮನುಷ್ಯ ಪೆಟ್ರೋಲು ಹಾಕಿಸುವುದನ್ನೇ ಮರೆತಿದ್ದರು! ಮುಂದೆಯೇ ಬಂಕು. ನಾನು ಹಾರನ್ ಒತ್ತಿ ಕೈ ತೋರಿಸಿದೆ. ಮಾವ ತಲೆ ಅಡ್ಡಡ್ಡ ಆಡಿಸಿದರು. ಬಂಕಿಗೆ ಹೋದರೆ ನಿಲ್ಲಿಸಿದಂತಾಗುತ್ತದಲ್ಲ?

ನಮ್ಮ ಬೀದಿಗೆ ತಿರುಗಿದೆವು. ಮನೆ ಕಾಣುತ್ತಿತ್ತು. ಗೇಟಿನಲ್ಲಿ ಅತ್ತೆ, ಹೋಗುವಾಗ ನಿಂತಿದ್ದ ಜಾಗದಲ್ಲೇ. ಅಷ್ಟರಲ್ಲಿ ಸೊಸೆ ಎರಡು ಸಲ ಕೆಮ್ಮಿದಳು. ಲೊಟಲೊಟ ಸದ್ದು ನಿಂತಿತು. ಗಾಡಿ ಬರಿಯ ವೇಗದ ಮೇಲೆ ಉರುಳುತ್ತ ಉರುಳುತ್ತ ನಿಧಾನವಾಯಿತು. ಮಾವ ಮುಂದಕ್ಕೆ ಬಗ್ಗಿ, ಮೈಯೆಲ್ಲ ಬಿಗಿದು ಅದನ್ನು ದೂಡುವವರ ಹಾಗೆ ಕೂತಿದ್ದರು. ಇನ್ನೇನು ನಿಂತೇ ಬಿಡುತ್ತದೆ.

ಆಗ ಅತ್ತೆ ಓಡಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿಯಿಲ್ಲದ ಕಾಲಿನಲ್ಲಿ, ಬೀದಿಯವರೆಲ್ಲ ನೋಡುತ್ತಿದ್ದಂತೆ. ಆ ಚಾಚಲಾಗದ ಕೈಯನ್ನೂ ಇನ್ನೊಂದು ಕೈಯನ್ನೂ ಸೀಟಿನ ಹಿಂದಕ್ಕೆ ಕೊಟ್ಟು, “ನಿಲ್ಬಾರ್ದು, ನಿಲ್ಬಾರ್ದು” ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತ ತಳ್ಳಿದರು. ಸೊಸೆ ಗೇಟು ದಾಟಿ ಅಂಗಳಕ್ಕೆ ಬಂದಳು.

ಮಾವ ಹೆಲ್ಮೆಟ್ ತೆಗೆದು ತಲೆ ತಗ್ಗಿಸಿದರು. “ನಿಂತೋಯ್ತು ಕಣೆ.”

“ಎಲ್ ನಿಂತ್ತು?” ಅತ್ತೆ ಏದುಸಿರು ಬಿಡುತ್ತ ಕೇಳಿದರು. “ಎಂಜಿನ್ ನಿಂತಿರ್ಬೌದು. ಚಕ್ರ ತಿರುಗ್ತಾನೇ ಇತ್ತು. ಬೇಕಾದ್ರೆ ಇವ್ಳನ್ ಕೇಳಿ.”

ಮಾವ ನನ್ನ ಕಡೆ ನೋಡಿದರು. ನಿಲ್ಲಲಿಲ್ಲ ಎಂದು ತಲೆಯಾಡಿಸಿದೆ. ಇಷ್ಟು ವರ್ಷ ಇಬ್ಬರನ್ನೂ ಆಡಿಕೊಂಡು ನಕ್ಕಿದ್ದೇನೆ. ಮಾವ ಬೈಕು ರಿಪೇರಿ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ, ಅತ್ತೆ ಅದನ್ನು ದ್ವೇಷಿಸುತ್ತಾರೆ ಎಂದುಕೊಂಡಿದ್ದೆ. ಎರಡೂ ಸುಳ್ಳೆಂದು ಆ ಅಂಗಳದಲ್ಲಿ ನಿಂತಾಗ ತಿಳಿಯಿತು.

ಅತ್ತೆ ಜಗಲಿಯ ಮೇಲೆ ಹತ್ತಿ, ಅಲ್ಲಿಂದ ಕಾಲು ಹಾಕಿ, ಮಾವನ ಹಿಂದೆ ಒಂದು ಬದಿಗೆ ಕೂತರು. ಆ ಬಲಗೈಯನ್ನು ಮಾವನ ಹೆಗಲ ಮೇಲೆ ಇಟ್ಟು ಕಣ್ಣು ಮುಚ್ಚಿಕೊಂಡರು. ಮಾವ ಅಲ್ಲಾಡಲಿಲ್ಲ. ಎರಡೂ ಕಾಲು ನೆಲಕ್ಕೆ ಊರಿ, ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡು, ಎಲ್ಲಿಗೂ ಹೋಗದ ಗಾಡಿಯ ಮೇಲೆ ಮುಂದಕ್ಕೆ ನೋಡುತ್ತ ಕೂತಿದ್ದರು. ಕಣ್ಣು ತುಂಬಿಕೊಂಡಿತ್ತು.

“ಪೆಟ್ರೋಲ್ ತರ್ತೀನಿ” ಎಂದು ನಾನು ಸ್ಕೂಟಿ ತಿರುಗಿಸಿದೆ.

ಅತ್ತೆ ಕಣ್ಣು ತೆರೆಯದೆಯೇ ಹೇಳಿದರು, “ಅರ್ಜೆಂಟೇನಿಲ್ಲ ಕೂಸೆ. ನಿಧಾನಕ್ ಬಾ.”